ದಂತದ ಫಲಕ: ಮುಖಕ್ಕಿಂತ ಅಂಚು ನೋಡಿ

ಶ್ರೀರಂಗಪಟ್ಟಣದ ಗುಂಬಜ್ ನೋಡಿ ಬಂದವರನ್ನು ಕೇಳಿ. ಹೊರಗಿನ ನುಣುಪು ಕರಿಕಲ್ಲಿನ ಕಂಬಗಳ ಬಗ್ಗೆ ಹೇಳುತ್ತಾರೆ. ಒಳಗೋಡೆಗೆ ಬಳಿದ ಹುಲಿಪಟ್ಟೆಯ ಬಗ್ಗೆ ಹೇಳುತ್ತಾರೆ. ಏಪ್ರಿಲ್ ಬಿಸಿಲಲ್ಲಿ ಹೋಗಿದ್ದರೆ, ಚಪ್ಪಲಿ ಬಿಟ್ಟು ಕಲ್ಲುಹಾಸಿನ ಮೇಲೆ ಕುಣಿದ ಕಥೆಯನ್ನೂ ಹೇಳುತ್ತಾರೆ. ಬಾಗಿಲಿನ ಸುದ್ದಿ ಯಾರೂ ಎತ್ತುವುದಿಲ್ಲ. ಬಾಗಿಲು ಅಂದರೆ ದಾಟಿ ಹೋಗುವ ಜಾಗ, ಅಲ್ವಾ? ನಿಂತು ನೋಡಿದರೆ ಹಿಂದಿನವರು ಗೊಣಗುತ್ತಾರೆ.

ಆದರೆ ಅಲ್ಲಿ ನಿಂತು ನೋಡಬೇಕಾದ್ದು ಬಾಗಿಲೇ. ಕಪ್ಪು ಮರದೊಳಗೆ ಬಿಳಿ ದಂತ ಕೂರಿಸಿದ ಕೆಲಸ. ಗುಂಬಜನ್ನು ಟಿಪ್ಪು 1782ರಿಂದ 84ರೊಳಗೆ ತಂದೆ ಹೈದರಾಲಿಗಾಗಿ ಕಟ್ಟಿಸಿದ. 1799ರಲ್ಲಿ ಅವನನ್ನೂ ಅಲ್ಲೇ ಮಣ್ಣು ಮಾಡಿದರು. ದಂತದ ಬಾಗಿಲುಗಳು ಮಾತ್ರ ಅವನ ಕಾಲದವಲ್ಲ. ಅವನ್ನು ಮಾಡಿಸಿ ಕೊಟ್ಟವನು ಲಾರ್ಡ್ ಡಾಲ್‌ಹೌಸಿ. ಗಂಡು ಸಂತಾನವಿಲ್ಲದ ರಾಜರ ಸಂಸ್ಥಾನಗಳನ್ನು ಒಂದೊಂದಾಗಿ ನುಂಗಿದನಲ್ಲ, ಅದೇ ಡಾಲ್‌ಹೌಸಿ. ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಗೋಡೆಚಿತ್ರಗಳನ್ನು ರಿಪೇರಿ ಮಾಡಿಸಿದವನೂ ಅವನೇ. ಒಂದು ಕೈಯಲ್ಲಿ ರಾಜ್ಯ ಕಿತ್ತುಕೊಳ್ಳುವುದು, ಇನ್ನೊಂದು ಕೈಯಲ್ಲಿ ಸತ್ತ ಶತ್ರುವಿನ ಗೋರಿಗೆ ಬಾಗಿಲು ಮಾಡಿಸುವುದು. ಇದನ್ನು ಔದಾರ್ಯ ಅನ್ನಬೇಕೋ ಜಂಬ ಅನ್ನಬೇಕೋ ನೀವೇ ಹೇಳಿ. ನನ್ನ ಓಟು ಜಂಬಕ್ಕೆ.

ಆ ಬಾಗಿಲಿನ ಹತ್ತಿರಕ್ಕೆ ಹೋಗಿ, ಹೂವು ಬಳ್ಳಿಯ ಚೆಂದ ಒಂದು ಗಳಿಗೆ ಪಕ್ಕಕ್ಕಿಡಿ. ದಂತ ಎಲ್ಲಿ ಮುಗಿದು ಮರ ಎಲ್ಲಿ ಶುರುವಾಗುತ್ತದೋ ಆ ಗೆರೆ ನೋಡಿ. ಕೆಲವು ಕಡೆ ಉಗುರು ಆಡಿಸಿದರೂ ಗೊತ್ತಾಗದಷ್ಟು ಸಮ. (ಆಡಿಸಬೇಡಿ, ಸುಮ್ನೆ ಹೇಳಿದೆ.) ಕೆಲವು ಕಡೆ ಕೂದಲೆಳೆಯಷ್ಟು ಸಂದು ಬಿಟ್ಟಿದೆ. ದಂತ ಒಂದು ಕಡೆ ಎಳೆದಿದೆ, ಮರ ಇನ್ನೊಂದು ಕಡೆ ಎಳೆದಿದೆ. ದಂತದ ಕೆಲಸದ ಗುಟ್ಟೆಲ್ಲ ಇರುವುದು ಆ ಸಂದಿನಲ್ಲೇ ಅನ್ನುವುದು ನನ್ನ ಹಳೇ ವಾದ.

ಯಾಕೆ ಅಂದರೆ, ದಂತದ ಪುಟ್ಟ ಫಲಕವನ್ನು ಯಾರೂ ಒಂಟಿಯಾಗಿ ಇಟ್ಟು ನೋಡಲಿ ಅಂತ ಮಾಡಿದ್ದಲ್ಲ. ಅದು ಯಾವುದೋ ಪೆಟ್ಟಿಗೆಯ ಪಕ್ಕ, ಯಾವುದೋ ಕುರ್ಚಿಯ ಬೆನ್ನು, ಯಾವುದೋ ಮಂಚದ ಕಾಲು, ಯಾವುದೋ ಬಾಗಿಲ ಪಟ್ಟಿ. ಮ್ಯೂಸಿಯಂನಲ್ಲಿ ಗಾಜಿನ ಹಿಂದೆ, ಕೆಳಗೊಂದು ಚೀಟಿ, ಮೇಲೊಂದು ದೀಪ ಹಾಕಿ ಇಟ್ಟಾಗ ಅದು ಜೊತೆ ಕಳೆದುಕೊಂಡ ಓಲೆಯ ಹಾಗೆ ಕಾಣುತ್ತದೆ. ಚೆಂದವೇನೋ ಹೌದು. ಆದರೆ ಯಾವ ಕಿವಿಯದು? ಅದಕ್ಕೆ ಉತ್ತರ ಇರುವುದು ಅಂಚಿನಲ್ಲಿ, ಮೂಲೆಯ ತೂತಿನಲ್ಲಿ, ನಮಗೆ ತೋರಿಸದ ಬೆನ್ನಿನಲ್ಲಿ.

ಫಲಕಗಳು ಪುಟ್ಟದಾಗಿರುವುದಕ್ಕೆ ಕಾರಣ ಕುಶಲಕರ್ಮಿಯಲ್ಲ, ಆನೆ. ದಂತ ಅಂದರೆ ಮೇಲ್ದವಡೆಯ ಬಾಚಿಹಲ್ಲು. ಬೆಳೆಯುತ್ತಾ ಬಾಗುತ್ತದೆ. ಬುಡದ ಕಡೆ ಸುಮಾರು ಮೂರನೇ ಒಂದು ಭಾಗ ಟೊಳ್ಳು. ಗಟ್ಟಿ ಇರುವ ಕಡೆ ಹಲಗೆ ಸೀಳೋಣ ಅಂದರೆ ದಂತದ ದಪ್ಪಕ್ಕಿಂತ ಅಗಲ ಸಿಗುವುದಿಲ್ಲ. ಉದ್ದಕ್ಕೆ ಸೀಳೋಣ ಅಂದರೆ ಬಾಗು ಅಡ್ಡ ಬರುತ್ತದೆ. ನಮ್ಮ ಆನೆಗಳಲ್ಲಿ ಹೆಣ್ಣಿಗೆ ಹೊರಗೆ ಕಾಣುವಂಥ ದಂತವೇ ಇಲ್ಲ. ಗಂಡಿನಲ್ಲೂ ಎಲ್ಲಕ್ಕೂ ಇರುವುದಿಲ್ಲ. ದಂತವಿಲ್ಲದ ಗಂಡನ್ನು ಮಾವುತರು ಮಖ್ನಾ ಅನ್ನುತ್ತಾರೆ. ಹೀಗಾಗಿ ದಂತದ ದೊಡ್ಡ ವಸ್ತು ಯಾವುದೇ ಇರಲಿ, ಅದು ಜೋಡಣೆಯ ವಸ್ತು. ಸಿಂಹಾಸನವಾದರೂ ಅಷ್ಟೇ, ಬೆರಳುದ್ದದ ತುಂಡುಗಳ ಲೆಕ್ಕಾಚಾರ.

ಟೊಳ್ಳು ಭಾಗವನ್ನೂ ಬಿಸಾಕುತ್ತಿರಲಿಲ್ಲ. ಅದರಿಂದ ಬಳೆ, ಉರುಟು ಡಬ್ಬಿ. ತುದಿಯ ಗಟ್ಟಿ ಭಾಗದಿಂದ ಬೊಂಬೆ. ನಡುವಿನದರಿಂದ ಫಲಕ. ಉಳಿದ ಚೂರುಗಳು ಮರದೊಳಗೆ ಕೂರಿಸುವ ಎಲೆ, ಮೊಗ್ಗು, ಕಣ್ಣು. ದಂತ ಗಾಳಿಯ ತೇವ ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ತೆಳ್ಳಗೆ ಸೀಳಿದ ಹಲಗೆ ಸೊಟ್ಟಗಾಗುತ್ತದೆ. ಕತ್ತಲಲ್ಲಿಟ್ಟರೆ ಹಳದಿ ತಿರುಗುತ್ತದೆ, ಬೆಳಕಿಗೆ ಬಿಳುಪಾಗುತ್ತದೆ. ಇಷ್ಟು ಚಂಚಲವಾದದ್ದನ್ನು ಮರಕ್ಕೆ ಹಿಡಿದು ನಿಲ್ಲಿಸಬೇಕು. ಬರೀ ಅಂಟು ಸಾಲದು. ಹಾಗಾಗಿ ಮೂಲೆಗಳಲ್ಲಿ ತೂತು, ತೂತಿಗೆ ಸಣ್ಣ ಮೊಳೆ. ಎಷ್ಟೋ ಸಲ ಮೊಳೆಯೂ ದಂತದ್ದೇ. ತೂತು ಕೆತ್ತನೆಯ ಗೆರೆಯನ್ನು ಎಲ್ಲಿ ಕಡಿದಿದೆ ನೋಡಿ. ಹೆಂಗಸಿನ ಮೊಣಕೈ ಮೇಲೋ ನವಿಲಿನ ಬಾಲದ ಮೇಲೋ ಒರಟಾಗಿ ತೂತು ಬಿದ್ದಿದ್ದರೆ, ಅದು ಮೊದಲ ಕೈಯ ಕೆಲಸ ಆಗಿರುವುದು ಕಷ್ಟ. ಯಾರೋ ಆಮೇಲೆ ಬೇರೆ ಪೆಟ್ಟಿಗೆಗೆ ಹೊಂದಿಸಿದ್ದಾರೆ.

ಈ ಮಾತಿಗೆ ದೊಡ್ಡ ಸಾಕ್ಷಿ ಬೆಗ್ರಾಮ್. ಅದು ಅಫ್ಘಾನಿಸ್ತಾನದ ಕಾಬೂಲಿನ ಉತ್ತರಕ್ಕಿದೆ. ಹಿಂದಿನ ಕಾಪಿಶಿ ಅದೇ ಅನ್ನುತ್ತಾರೆ. 1937ರಲ್ಲೂ 1939ರಲ್ಲೂ ಫ್ರೆಂಚ್ ತಂಡ ಅಲ್ಲಿ ಅಗೆಯುವಾಗ ಎರಡು ಕೋಣೆಗಳ ಗಂಟು ಸಿಕ್ಕಿತು. ರೋಮನ್ ಗಾಜು, ಚೀನಾದ ಅರಗಿನ ಸಾಮಾನು, ಅದರ ಜೊತೆಗೆ ರಾಶಿ ರಾಶಿ ಭಾರತದ ದಂತ. ಕ್ರಿಸ್ತಶಕ 1ನೇ ಶತಮಾನದ ಆಸುಪಾಸಿನವು. ಸಾವಿರಕ್ಕೂ ಮೀರಿದ ತುಂಡುಗಳು. ಕುರ್ಚಿ, ಕಾಲ್ಮಣೆಗಳಿಗೆ ಹೊದಿಸಿದ್ದವು. ಮರ ಪೂರ್ತಿ ಮಣ್ಣಾಗಿ ಹೋಗಿತ್ತು, ಹಲ್ಲು ಉಳಿದಿತ್ತು. ಕುರ್ಚಿ ಇಲ್ಲ, ಕುರ್ಚಿಯ ಮೈಮೇಲಿದ್ದದ್ದೆಲ್ಲ ಇದೆ. ಯಾವ ತುಂಡು ಯಾವ ತುಂಡಿನ ಪಕ್ಕದಲ್ಲಿ ಬಿದ್ದಿತ್ತು ಅಂತ ನೋಡಿ ನೋಡಿ ಆ ಪೀಠಗಳ ಆಕಾರವನ್ನು ಕಾಗದದ ಮೇಲೆ ಮತ್ತೆ ಕಟ್ಟಿದರು.

ಆ ಫಲಕಗಳಲ್ಲಿ ಜಾಸ್ತಿ ಇರುವುದು ಹೆಂಗಸರು. ಕನ್ನಡಿ ಹಿಡಿದವರು, ತಲೆ ಬಾಚಿಸಿಕೊಳ್ಳುವವರು, ವೀಣೆ ನುಡಿಸುವವರು, ಹಕ್ಕಿಯ ಜೊತೆ ಆಡುವವರು. ಕೆಲವು ಉಬ್ಬು ಕೆತ್ತನೆ. ಕೆಲವು ಬರೀ ಗೀರಿದ ಗೆರೆ, ಆ ಗೆರೆಯೊಳಗೆ ಕೆಂಪು, ಕಪ್ಪು ಬಣ್ಣದ ಗುರುತು. ನನಗೆ ಅವುಗಳ ಸೊಬಗಿಗಿಂತ ಹೆಚ್ಚು ಹಿಡಿಸಿದ್ದು ಜೋಡಿಸುವವರು ಗೀಚಿಕೊಂಡ ಗುರುತುಗಳು. ಯಾವುದು ಯಾವುದರ ಪಕ್ಕ ಬರಬೇಕು ಅನ್ನುವುದಕ್ಕೆ ಒಂದೊಂದು ಅಕ್ಷರ. ಎರಡು ಸಾವಿರ ವರ್ಷದ ಹಿಂದೆಯೂ ಬಿಡಿಭಾಗ ಕಲಸಿಹೋಗುವ ಭಯ ಇತ್ತು ಅಂತಾಯ್ತು. ಇನ್ನೊಂದು ಸಂಗತಿ, ಅಲ್ಲಿ ಸಿಕ್ಕಿದ್ದೆಲ್ಲ ದಂತವಲ್ಲ. ಬಹಳಷ್ಟು ಮೂಳೆ. ಒಂದೇ ಪೀಠದಲ್ಲಿ ಎರಡೂ ಬೆರೆತಿವೆ. ದಂತ ಅಂದೂ ದುಬಾರಿ, ಕೈ ಹಿಡಿತ ಅಂದೂ ಇತ್ತು.

ಅಗೆದ ದಂಪತಿ ಜೋಸೆಫ್ ಮತ್ತು ರಿಯಾ ಹ್ಯಾಕಿನ್ 1941ರಲ್ಲಿ ಯುದ್ಧದ ನಡುವೆ ಹಡಗು ಮುಳುಗಿ ತೀರಿಕೊಂಡರು. ಕಾಬೂಲ್ ಮ್ಯೂಸಿಯಂ ಪಾಲಿನ ದಂತಗಳು 1990ರ ದಶಕದ ಕಾಳಗದಲ್ಲಿ ಲೂಟಿಯಾದವು. ಅವುಗಳಲ್ಲಿ 20 ತುಂಡುಗಳನ್ನು ಯಾರೋ ಹೆಸರು ಹೇಳಿಕೊಳ್ಳದ ಪುಣ್ಯಾತ್ಮರು ಕೊಂಡು ಬಿಡಿಸಿದರು. 2011ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ತೋರಿಸಿ, ಆಮೇಲೆ ಕಾಬೂಲಿಗೆ ಮರಳಿಸಿದರು.

ದಂತ ಕೆತ್ತುವವರು ಕಲ್ಲನ್ನೂ ಕೆತ್ತುತ್ತಿದ್ದರು ಅನ್ನುವುದಕ್ಕೆ ಸಾಂಚಿಯಲ್ಲಿ ಬರಹವೇ ಇದೆ. ದೊಡ್ಡ ಸ್ತೂಪದ ದಕ್ಷಿಣ ತೋರಣದ ಮೇಲೆ, ಈ ಕೆತ್ತನೆ ವಿದಿಶೆಯ ದಂತಕಾರರದ್ದು ಅಂತ ಬರೆಸಿದ್ದಾರೆ. ಈ ಬರಹ ತಿಳಿದ ಮೇಲೆ ನಾನು ಸೋಮನಾಥಪುರಕ್ಕೆ ಹೋದರೆ ಬೇರೆಯೇ ಕಣ್ಣಲ್ಲಿ ನೋಡುತ್ತೇನೆ. 1258ರ ಕೇಶವ ದೇವಾಲಯ. ಆ ಬಳಪದ ಕಲ್ಲು ಗಣಿಯಿಂದ ಬಂದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದು ಗಟ್ಟಿಯಾಗುತ್ತದೆ. ಹಾಗಾಗಿಯೇ ಸರದ ಒಂದೊಂದು ಮಣಿಯ ಹಿಂದೆಯೂ ಉಳಿ ಆಡಿದೆ. ಹೊಯ್ಸಳರ ಶಿಲ್ಪಿಗಳು ದಂತದವರು ಅಂತ ನಾನು ಹೇಳುತ್ತಿಲ್ಲ. ಆದರೆ ಅಂಗೈ ಅಗಲದ ಜಾಗದಲ್ಲಿ ಇಡೀ ಕಥೆ ತುಂಬುವ ಚಾಳಿ ಇದೆಯಲ್ಲ, ಅದು ಎರಡು ಕಡೆಯೂ ಒಂದೇ.

ಕಾವೇರಿಯ ಜೊತೆಗೇ ಕೆಳಗೆ ಹೋಗೋಣ. ಆದಿರಂಗ ನಮ್ಮ ಶ್ರೀರಂಗಪಟ್ಟಣ, ಮಧ್ಯರಂಗ ಶಿವನಸಮುದ್ರ, ಅಂತ್ಯರಂಗ ತಮಿಳುನಾಡಿನ ಶ್ರೀರಂಗ. ಮಂಡ್ಯದ ಕಡೆಯವರು ಒಂದೇ ದಿನದಲ್ಲಿ ಮೂರೂ ರಂಗನಾಥರ ದರ್ಶನ ಮಾಡಬೇಕು ಅಂತ ಗಾಡಿ ಕಟ್ಟಿಕೊಂಡು ಹೊರಡುವುದುಂಟು. ಶ್ರೀರಂಗಕ್ಕೆ ಹೋದವರು ದರ್ಶನದ ಕ್ಯೂ ಮುಗಿಸಿ ಪುಳಿಯೋಗರೆ ತಿಂದು ಬಸ್ಸು ಹತ್ತುತ್ತಾರೆ. ಅದೇ ಪ್ರಾಕಾರದಲ್ಲಿ ದೇವಸ್ಥಾನದ ಮ್ಯೂಸಿಯಂ ಇದೆ. ಅದರೊಳಗೆ ನಾಯಕ ಅರಸರ ಕಾಲದ, 17ನೇ ಶತಮಾನದ ದಂತದ ಫಲಕಗಳೂ ಬೊಂಬೆಗಳೂ ಇವೆ. ರಾಜ, ರಾಣಿ, ದೇವರು. ರಾಜನ ಹೊಟ್ಟೆ ಸ್ವಲ್ಪ ಮುಂದೆ ಬಂದಿರುತ್ತದೆ, ಕೈ ಮುಗಿದಿರುತ್ತಾನೆ, ಉಡುಪಿನ ಒಂದೊಂದು ಮಡಿಕೆಯೂ ಲೆಕ್ಕಕ್ಕೆ ಸಿಗುತ್ತದೆ. ಇಂಥವುಗಳಿಗೆ ಒಮ್ಮೆ ಬಣ್ಣವೂ ಇತ್ತು. ದಂತ ಅಂದರೆ ಬಿಳಿ ಅನ್ನುವುದು ನಮ್ಮ ಕಾಲದ ರುಚಿ. ಮಾಡಿದವರು ಕೆಂಪು, ಕಪ್ಪು, ಹಸಿರು ಬಳಿದು ಖುಷಿಪಟ್ಟಿದ್ದಾರೆ. ತೊಳೆದು ತೊಳೆದು ಬಿಳಿ ಮಾಡಿದವರು ಆಮೇಲಿನವರು.

ಸಮುದ್ರ ದಾಟಿದರೆ ಶ್ರೀಲಂಕಾ. ಅಲ್ಲಿನ ಪೆಟ್ಟಿಗೆಗಳ ಮುಂದೆ ಉಳಿದವೆಲ್ಲ ಸಪ್ಪೆ ಅಂತ ನನಗನ್ನಿಸುತ್ತದೆ. 1540ರ ಹೊತ್ತಿಗೆ ಅಲ್ಲಿನ ಕೋಟ್ಟೆ ಅನ್ನುವ ರಾಜ್ಯದ ಅರಸ 7ನೇ ಭುವನೈಕಬಾಹುವಿಗೆ ಒಂದು ತಲೆನೋವು. ತನ್ನ ಮೊಮ್ಮಗ ಧರ್ಮಪಾಲನೇ ಮುಂದಿನ ರಾಜ ಅಂತ ಪೋರ್ಚುಗೀಸರು ಒಪ್ಪಬೇಕು. ಹುಡುಗನನ್ನು ಅಷ್ಟು ದೂರ ಕಳಿಸುವ ಬದಲು ಅವನ ಪ್ರತಿಮೆಯನ್ನು ರಾಯಭಾರಿಯ ಜೊತೆ ಲಿಸ್ಬನ್ನಿಗೆ ಕಳಿಸಿದ. ಅಲ್ಲಿನ ದೊರೆ 3ನೇ ಜೋವಾವ್ ಆ ಪ್ರತಿಮೆಯ ತಲೆಗೇ ಕಿರೀಟ ಇಟ್ಟ. ಈ ಇಡೀ ಪ್ರಸಂಗವನ್ನು ಕೆತ್ತಿದ ದಂತದ ಪೆಟ್ಟಿಗೆ ಈಗ ಜರ್ಮನಿಯ ಮ್ಯೂನಿಕ್‌ನಲ್ಲಿದೆ. ರಾಜತಂತ್ರದ ಕಡತವನ್ನು ಹಲ್ಲಿನ ಮೇಲೆ ಬರೆದಂತಾಯ್ತು. ಅದೇ ಕಾಲದ ಇನ್ನೊಂದು ಪೆಟ್ಟಿಗೆಯಲ್ಲಿ ಜರ್ಮನ್ ಕಲಾವಿದ ಡ್ಯೂರರ್ 1514ರಲ್ಲಿ ಕೊರೆದ ಬ್ಯಾಗ್‌ಪೈಪ್ ಊದುವವನ ಚಿತ್ರ ಹಾಗೇ ಇಳಿದಿದೆ. ಯುರೋಪಿನ ಮುದ್ರಿತ ಹಾಳೆ ಹಡಗಿನಲ್ಲಿ ಬಂತು, ಸಿಂಹಳದ ಕೈ ಅದನ್ನು ದಂತಕ್ಕೆ ಇಳಿಸಿತು, ಪೆಟ್ಟಿಗೆ ಮತ್ತೆ ಯುರೋಪಿಗೆ ಹೋಯಿತು.

ವಿಶಾಖಪಟ್ಟಣದವರ ದಾರಿ ಬೇರೆ. ತೆಳ್ಳಗಿನ ದಂತದ ಹಾಳೆ ಮರದ ಪೆಟ್ಟಿಗೆಗೆ ಹೊದಿಸಿ, ಮೇಲೆ ಸೂಜಿಯಂಥ ಗೆರೆ ಗೀರಿ, ಗೆರೆಗೆ ಕರಿ ಅರಗು ತುಂಬುವುದು. ಇಂಗ್ಲಿಷ್ ದೊರೆಸಾನಿಯರಿಗೆ ಪ್ರಾಣ. ಬಂಗಾಳದ ಮುರ್ಷಿದಾಬಾದಿನವರು ಇಡೀ ಕುರ್ಚಿಯನ್ನೇ ದಂತದಲ್ಲಿ ಕಡೆಯುತ್ತಿದ್ದರು.

ಈ ಮುರ್ಷಿದಾಬಾದಿನ ಕುರ್ಚಿಗಳಿಗೂ ಶ್ರೀರಂಗಪಟ್ಟಣಕ್ಕೂ ಒಂದು ತಮಾಷೆಯ ನಂಟಿದೆ. ಲಂಡನ್ನಿನ ಸರ್ ಜಾನ್ ಸೋನ್ ಮ್ಯೂಸಿಯಂನಲ್ಲಿ ಒಂದಷ್ಟು ದಂತದ ಪೀಠೋಪಕರಣ ಇದೆ. ಬಹಳ ಕಾಲ ಅದು ಟಿಪ್ಪುವಿನ ಅರಮನೆಯಿಂದ ತಂದದ್ದು ಅಂತಲೇ ಪ್ರತೀತಿ. ಕೆಲಸದ ರೀತಿ ನೋಡಿದರೆ ಮುರ್ಷಿದಾಬಾದಿನದು. 1799ರ ನಂತರ ಇಂಗ್ಲೆಂಡಿನಲ್ಲಿ ಟಿಪ್ಪು ಅಂದರೆ ಸಾಕು, ಬೆಲೆ ಏರುತ್ತಿತ್ತು. ಯಾವ ಹಳೇ ದಂತದ ಕುರ್ಚಿ ಕಂಡರೂ ಅವನ ಹೆಸರು ಅಂಟಿಸುವುದು ವ್ಯಾಪಾರದ ಜಾಣತನ. ಲೂಟಿಯಾದದ್ದು ಒಂದು ಪಾಲಾದರೆ, ಲೂಟಿಯ ಹೆಸರಲ್ಲಿ ಮಾರಾಟವಾದದ್ದು ಮತ್ತೊಂದು ಪಾಲು. ನಿಜವಾಗಿ ಟಿಪ್ಪುವಿನದೇ ಆದ ವಸ್ತು ಬೇಕಾದರೆ ಆ ಪ್ರಸಿದ್ಧ ಹುಲಿಯೇ ಇದೆ. ಬಿಳಿ ಸಿಪಾಯಿಯ ಮೇಲೆ ಕೂತ ಮರದ ಹುಲಿ. ಅದರ ಹೊಟ್ಟೆಯೊಳಗೆ ಪುಟ್ಟ ಆರ್ಗನ್ ಇದೆ, ಆರ್ಗನ್ನಿನ ಕೀಲಿಗಳು ದಂತದವು.

ನಮ್ಮ ಮೈಸೂರಿಗೆ ಬರುತ್ತೇನೆ. ದಸರಾದಲ್ಲಿ ನಾವೆಲ್ಲ ಕತ್ತು ಚಾಚಿ ನೋಡುವ ಚಿನ್ನದ ಸಿಂಹಾಸನ ಮೊದಲು ಚಿನ್ನದ್ದಾಗಿರಲಿಲ್ಲ ಅನ್ನುತ್ತದೆ ಅರಮನೆಯ ಇತಿಹಾಸ. ಅತ್ತಿ ಮರದ ಪೀಠ, ಅದರ ಮೇಲೆ ದಂತದ ಫಲಕ. ಚಿನ್ನ, ಬೆಳ್ಳಿ, ರತ್ನ ಎಲ್ಲ ಆಮೇಲೆ ಬಂದದ್ದು. ಆ ಸಿಂಹಾಸನವೂ ಜೋಡಣೆಯದ್ದೇ. ವರ್ಷವಿಡೀ ಬಿಡಿಬಿಡಿಯಾಗಿ ಭದ್ರತಾ ಕೋಣೆಯಲ್ಲಿರುತ್ತದೆ. ನವರಾತ್ರಿಗೆ ಮುಂಚೆ ಒಳ್ಳೆ ಮುಹೂರ್ತ ನೋಡಿ, ಹೋಮ ಮಾಡಿ, ಗೆಜ್ಜಗಳ್ಳಿಯವರ ಕೈಯಿಂದ ಜೋಡಿಸುತ್ತಾರೆ. ಅದೇ ತಿರುವಾಂಕೂರಿನವರು ದಂತವನ್ನು ಮುಚ್ಚಲಿಲ್ಲ. ತಮ್ಮ ದಂತದ ಸಿಂಹಾಸನವನ್ನು ವಿಕ್ಟೋರಿಯಾ ರಾಣಿಗೆ ಕೊಟ್ಟರು, 1851ರ ಲಂಡನ್ ಮಹಾಪ್ರದರ್ಶನದಲ್ಲಿ ಜನ ಮುಗಿಬಿದ್ದು ನೋಡಿದರು. ಚಿನ್ನ ಹೊದಿಸುವುದಾ, ದಂತ ತೋರಿಸುವುದಾ? ನನಗಂತೂ ಆ ಅತ್ತಿ ಮರದ ಮೇಲಿನ ದಂತ ನೋಡುವ ಆಸೆ ಜಾಸ್ತಿ.

ಮೈಸೂರಿನ ಕೈ ಹೆಚ್ಚು ಪಳಗಿದ್ದು ಬೀಟೆ ಮರದೊಳಗೆ ದಂತ ಕೂರಿಸುವ ಇನ್‌ಲೇ ಕೆಲಸದಲ್ಲಿ. ಹಳೇ ಮರದ ಅರಮನೆ 1897ರಲ್ಲಿ ಸುಟ್ಟುಹೋಗಿ, ಹೆನ್ರಿ ಇರ್ವಿನ್ ನಕ್ಷೆಯ ಹೊಸ ಅರಮನೆ 1912ರಲ್ಲಿ ಮುಗಿಯಿತು. ಅದರ ಅಂಬಾವಿಲಾಸಕ್ಕೆ ಹೋಗುವ ದಾರಿಯಲ್ಲಿ, ಗಣೇಶನ ಗುಡಿಯ ಹತ್ತಿರ, ಬೀಟೆಯ ಬಾಗಿಲಿಗೆ ದಂತ ಕೂರಿಸಿದ್ದಾರೆ. ಒಂಟಿ ಓಲೆ ಅಂದೆನಲ್ಲ, ಇಲ್ಲಿ ಅದು ಇನ್ನೂ ಕಿವಿಯಲ್ಲೇ ಇದೆ. ಫಲಕ ತನ್ನ ಮರದಲ್ಲೇ, ಮರ ತನ್ನ ಚೌಕಟ್ಟಿನಲ್ಲೇ. ಲಂಡನ್, ಪ್ಯಾರಿಸ್ಸಿನ ಗಾಜಿನ ಪೆಟ್ಟಿಗೆಗಳಲ್ಲಿ ಈ ಭಾಗ್ಯ ಇಲ್ಲ.

ಇನ್‌ಲೇ ಹೇಗೆ ಮಾಡುತ್ತಾರೆ ಅಂತ ನೋಡಬೇಕಿದ್ದರೆ ಮಂಡಿ ಮೊಹಲ್ಲಾ ಕಡೆ ಹೋಗಿ. ಕಾಗದದಲ್ಲಿ ಬರೆದ ಚಿತ್ರವನ್ನು ತುಂಡು ತುಂಡು ಮಾಡಿ, ಒಂದೊಂದನ್ನೂ ಬೇಕಾದ ಬಣ್ಣದ ಮರದ ಪದರದ ಮೇಲೆ ಅಂಟಿಸುತ್ತಾರೆ. ತಂತಿಯಷ್ಟು ಸಣ್ಣ ಗರಗಸ. ಗರಗಸ ಒಂದೇ ಕಡೆ ಮೇಲೆ ಕೆಳಗೆ ಆಡುತ್ತದೆ, ಎಡಗೈ ತುಂಡನ್ನು ತಿರುಗಿಸುತ್ತದೆ. ಕತ್ತರಿಸುವುದು ಬಲಗೈ ಅಂತ ನೋಡುವವರಿಗೆ ಅನ್ನಿಸುತ್ತದೆ, ಗೆರೆ ಹಿಡಿಯುವುದು ಎಡಗೈ. ಆನೆಯ ಸೊಂಡಿಲಿನ ಮಡಿಕೆ ಒಂದು ತುಂಡು, ಕಿವಿ ಒಂದು ತುಂಡು, ಕಣ್ಣು ಸಾಸಿವೆಗಿಂತ ಸ್ವಲ್ಪ ದೊಡ್ಡದು. ಆಮೇಲೆ ಬೀಟೆಯಲ್ಲಿ ಅಷ್ಟೇ ಆಳದ ಹಳ್ಳ ತೆಗೆದು ಕೂರಿಸಿ, ಸಂದಿಗೆ ಮರದ ಪುಡಿ ಅಂಟು ಕಲಸಿ ತುಂಬಿ, ಉಜ್ಜಿ, ಪಾಲಿಶ್ ಹಿಡಿಸುತ್ತಾರೆ. ದಂತದ ಕಾಲದಲ್ಲೂ ಕ್ರಮ ಇದೇ. ಕೊನೆಗೆ ದಂತದ ಮೈಮೇಲೆ ಗೆರೆ ಗೀರಿ ಕಪ್ಪು ತುಂಬುವುದು ಹೆಚ್ಚಿನ ಕೆಲಸ ಅಷ್ಟೇ.

ದಂತ ಈಗ ಇಲ್ಲ. ಇರಬಾರದು ಕೂಡ. 1972ರ ವನ್ಯಜೀವಿ ಕಾಯ್ದೆಗೆ 1986ರಲ್ಲಿ ತಿದ್ದುಪಡಿ ತಂದು ನಮ್ಮ ಆನೆಯ ದಂತದ ವ್ಯಾಪಾರ ನಿಲ್ಲಿಸಿದರು. ಆಫ್ರಿಕಾದಿಂದ ಬರುತ್ತಿದ್ದುದಕ್ಕೆ 1991ರಲ್ಲಿ ಬೀಗ ಬಿತ್ತು. ಅಷ್ಟರೊಳಗೆ ಕಾಡಿನಲ್ಲಿ ಏನಾಗಿತ್ತು ಅನ್ನುವುದು ಮಲೆ ಮಹದೇಶ್ವರ ಬೆಟ್ಟದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ದಂತವಿದ್ದ ಗಂಡಾನೆಗಳನ್ನೇ ಹುಡುಕಿ ಹೊಡೆದರು. ಕಲೆ ಸತ್ತಿತು ಅಂತ ಕೆಲವರು ಕಣ್ಣೀರಿಡುತ್ತಾರೆ. ನನಗೆ ಆ ಕಣ್ಣೀರು ಬರುವುದಿಲ್ಲ. ಮಂಡಿ ಮೊಹಲ್ಲಾದ ಕೈಗಳು ಹಲಸಿನ ಹಳದಿ, ಕರಿಮರದ ಕಪ್ಪು, ಬಿಳಿ ಮರಗಳ ಬಿಳುಪಿಗೆ ಹೊರಳಿಕೊಂಡವು, ಬದುಕಿದವು. ಬಿಳಿ ಬೇಕೇ ಬೇಕು ಅನ್ನುವವರಿಗೆ ಪ್ಲಾಸ್ಟಿಕ್ ಕೂರಿಸಿ ಕೊಡುತ್ತಾರೆ. ಅದು ನನಗೆ ಹಿಡಿಸುವುದಿಲ್ಲ. ಪ್ಲಾಸ್ಟಿಕ್ಕಿಗೆ ಎಳೆ ಇಲ್ಲ, ವಯಸ್ಸೂ ಆಗುವುದಿಲ್ಲ. ಹಲಸು ನೋಡಿ, ವರ್ಷ ಕಳೆದಂತೆ ಜೇನಿನ ಬಣ್ಣಕ್ಕೆ ತಿರುಗುತ್ತದೆ.

ಇಷ್ಟಾದರೂ ಪ್ರವಾಸಿಗರು ಓಡಾಡುವ ಕಡೆ ಒಂದು ಅಂಗಡಿಯಲ್ಲಿ ನನ್ನನ್ನು ಒಳಗೆ ಕರೆದು, ದನಿ ತಗ್ಗಿಸಿ, ಹಳೇ ದಂತ ಸಾರ್, ನಿಮಗೆ ಅಂತ ತೋರಿಸ್ತಾ ಇದೀನಿ ಅಂದರು. ಬೆರಳುದ್ದದ ಫಲಕ, ಮೇಲೆ ಕೊಳಲು ಕೃಷ್ಣ. ಬೆಳಕಿಗೆ ಹಿಡಿದು ಅಂಚು ನೋಡಿದೆ. ಸಣ್ಣ ಸಣ್ಣ ಕಪ್ಪು ಚುಕ್ಕಿಗಳು. ಮೂಳೆ! ಮೂಳೆಯೊಳಗೆ ರಕ್ತನಾಳ ಓಡಾಡಿದ ದಾರಿಗಳು ಹಾಗೆ ಚುಕ್ಕಿಯಾಗಿ ಉಳಿಯುತ್ತವೆ. ಆನೆಯ ದಂತವನ್ನು ಅಡ್ಡ ಕತ್ತರಿಸಿದರೆ ಚುಕ್ಕಿ ಇರುವುದಿಲ್ಲ. ಒಂದನ್ನೊಂದು ಹಾಯುವ ಬಾಗುಗೆರೆಗಳ ಜಾಲ ಇರುತ್ತದೆ. ಹೊರ ಅಂಚಿನ ಹತ್ತಿರ ಆ ಗೆರೆಗಳ ಕೋನ 115 ಡಿಗ್ರಿ ಮೀರಿದರೆ ಆನೆ, 90ಕ್ಕಿಂತ ಕಡಿಮೆ ಇದ್ದರೆ ಎಂದೋ ಅಳಿದುಹೋದ ಆನೆಯ ನೆಂಟ ಮ್ಯಾಮತ್ ಅಂತ ಪ್ರಯೋಗಾಲಯದವರು ಲೆಕ್ಕ ಹಾಕುತ್ತಾರೆ. ಪ್ಲಾಸ್ಟಿಕ್ಕಿನಲ್ಲಿ ಎರಡೂ ಇಲ್ಲ, ಹೆಚ್ಚೆಂದರೆ ಸಮಾನಾಂತರ ಗೆರೆ ಎಳೆದಿರುತ್ತಾರೆ. ಮೂಳೆ ಅಂದೆ. ಆ ಮನುಷ್ಯನಿಗೆ ಬೇಜಾರೇನೂ ಆಗಲಿಲ್ಲ, ಹಾಗಾದ್ರೆ ಅರ್ಧ ರೇಟಿಗೆ ತಗೊಳ್ಳಿ ಅಂದರು. ಅದು ದಂತವೇ ಆಗಿದ್ದರೆ ನಾನೂ ಅವರೂ ಒಟ್ಟಿಗೆ ಅರಣ್ಯ ಇಲಾಖೆಯ ಜೀಪು ಹತ್ತಬೇಕಿತ್ತು. ಅಜ್ಜನ ಕಾಲದ್ದು ಮನೆಯಲ್ಲಿದ್ದರೂ ಅದಕ್ಕೆ ಮಾಲೀಕತ್ವದ ಪ್ರಮಾಣಪತ್ರ ಬೇಕು. ಮಾರುವ ಮಾತಂತೂ ಇಲ್ಲ.

ಅರಮನೆಯ ಬಾಗಿಲು ನೋಡಲು ಹೋಗುವವರಿಗೆ ಒಂದು ಮಾತು. ದಸರಾ ರಜೆ, ಭಾನುವಾರ ಬೇಡವೇ ಬೇಡ. ನಿಂತರೆ ಹಿಂದಿನಿಂದ ತಳ್ಳುತ್ತಾರೆ, ಕಾವಲಿನವರು ನಡೀರಿ ನಡೀರಿ ಅನ್ನುತ್ತಾರೆ. ವಾರದ ನಡುವಿನ ದಿನ ಬೆಳಿಗ್ಗೆ 10ಕ್ಕೆ ಗೇಟು ತೆಗೆದ ಕೂಡಲೇ ಹೋಗಿ. ಕಣ್ಣು ಮೊದಲು ನಡುವಿನ ಚಿತ್ರಕ್ಕೇ ಹೋಗುತ್ತದೆ, ಹೋಗಲಿ. ಆಮೇಲೆ ಬಗ್ಗಿ ಕೆಳಗಿನ ಮೂಲೆಗಳನ್ನೂ ನೋಡಿ. ನೆಲ ಒರೆಸುವ ನೀರು, ಜನರ ಕಾಲು ತಗಲುವುದು ಅಲ್ಲಿಗೇ. ಬಾಗಿಲಿನಲ್ಲಿ ದಂತ ಮೊದಲು ಸಡಿಲವಾಗುವುದು ಅಂಥ ಕಡೆ. ರಿಪೇರಿ ಮಾಡಿದ ಕೈ ಬೇರೆಯಾದರೆ ಗೆರೆಯ ದಪ್ಪವೂ ಬೇರೆಯಾಗುತ್ತದೆ. ಕನ್ನಡಕ ಮರೆಯಬೇಡಿ.